ವಿಮಾನಾಪಘಾತ ಮತ್ತು ಪರಿಹಾರಧನದ ಹಕ್ಕು

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ವಿಮಾನಯಾನವು ಇಂದು ಶ್ರೀಮಂತರ ವಿಲಾಸವಾಗಿ ಉಳಿದಿಲ್ಲ. ಊರಿನ ಮದುವೆ, ಉತ್ತರಕ್ರಿಯೆ, ಜಮೀನಿನ ವ್ಯವಹಾರಗಳಿಗಾಗಿ ಒಂದೆರಡು ದಿನಗಳ ಮಟ್ಟಿಗೆ ಮಂಗಳೂರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಬರುವವರು ಪ್ರತಿಯೊಂದು ಕುಟುಂಬದಲ್ಲಿಯೂ ಇದ್ದಾರೆ. ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿಗಂತೂ, 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾಗುವವರೆಗೆ, ಮುಂಬಯಿಯ ವಿಮಾನ ನಿಲ್ದಾಣವೇ ಹೆಬ್ಬಾಗಿಲಾಗಿತ್ತು. ಇಷ್ಟು ಮಂದಿ ಇಷ್ಟು ಸಲ ಆಕಾಶದಲ್ಲಿ ಸಂಚರಿಸುವಾಗ, ಅಪರೂಪಕ್ಕೆ ಒದಗುವ ದುರಂತದ ಅನಂತರ ಉಳಿದ ಕುಟುಂಬದ ಹಕ್ಕುಗಳೇನು ಎಂಬುದನ್ನು ತಿಳಿದಿರುವುದು ಅಪಶಕುನದ ಮಾತಲ್ಲ, ಗೃಹಸ್ಥನ ಕರ್ತವ್ಯವೇ ಸರಿ.

ಈ ನಗರವು ಅಂಥ ದುರಂತಗಳನ್ನು ಕಂಡಿದೆ. 1976ರ ಅಕ್ಟೋಬರ್‌ 12ರಂದು ಮದರಾಸಿಗೆ ಹೊರಟ ಇಂಡಿಯನ್‌ ಏರ್‌ಲೈನ್ಸ್‌ನ ಕ್ಯಾರವೆಲ್‌ ವಿಮಾನವು ಬೆಂಕಿ ಹೊತ್ತಿ ಸಾಂತಾಕ್ರೂಜ್‌ ನಿಲ್ದಾಣದಲ್ಲಿಯೇ ಬಿದ್ದು, ಅದರಲ್ಲಿದ್ದ 95 ಮಂದಿಯೂ ಮಡಿದರು. 1978ರ ಜನವರಿ 1ರ ರಾತ್ರಿ ದುಬೈಗೆ ಹೊರಟ ಏರ್‌ ಇಂಡಿಯಾದ ‘ಎಂಪರರ್‌ ಅಶೋಕ’ ಎಂಬ ಬೋಯಿಂಗ್‌ 747 ವಿಮಾನವು ಮೇಲೇರಿದ ಎರಡು ನಿಮಿಷಗಳೊಳಗೆ ಬಾಂದ್ರಾದ ಆಚೆಯ ಸಮುದ್ರಕ್ಕೆ ಬಿದ್ದು 213 ಮಂದಿ ಜಲಸಮಾಧಿಯಾದರು. 1988ರ ಅಕ್ಟೋಬರ್‌ 19ರಂದು ಮುಂಬಯಿಯಿಂದ ಅಹಮದಾಬಾದಿಗೆ ಹೋದ ವಿಮಾನವು ಇಳಿಯುವ ಮುನ್ನ ನೆಲಕ್ಕಪ್ಪಳಿಸಿ 133 ಮಂದಿ ಸತ್ತರು. ಕನ್ನಡನಾಡಿನಲ್ಲಿ ನಡೆದ ಅತಿ ದೊಡ್ಡ ವಿಮಾನ ದುರಂತವೆಂದರೆ 2010ರ ಮೇ 22ರ ಬೆಳಗ್ಗೆ ಬಜಪೆಯಲ್ಲಿ ಸಂಭವಿಸಿದ್ದು. ಅದರಲ್ಲಿ 158 ಮಂದಿ ಅಸುನೀಗಿದರು. ಬದುಕುಳಿದವರು ಎಂಟೇ ಮಂದಿ.

ಇಂಥ ಸಂದರ್ಭಗಳಲ್ಲಿ ದುಃಖದ ಬೆನ್ನಿಗೇ ಹಣದ ಪ್ರಶ್ನೆಯೂ ಎದ್ದುನಿಲ್ಲುತ್ತದೆ. ಅದನ್ನು ಕೇಳಲು ಸಂಕೋಚಪಡುವ ಕುಟುಂಬಗಳೇ ಹೆಚ್ಚು. ‘ಹೋದ ಜೀವಕ್ಕೆ ಬೆಲೆ ಕಟ್ಟುವುದೆಂತು’ ಎಂಬ ಮಾತು ಸಹಜವಾದುದೇ. ಆದರೆ ಕಾನೂನು ಕಟ್ಟುವುದು ಜೀವದ ಬೆಲೆಯನ್ನಲ್ಲ. ಆ ಜೀವವನ್ನು ನೆಚ್ಚಿಕೊಂಡಿದ್ದವರ ಅನ್ನ, ವಸತಿ, ವಿದ್ಯಾಭ್ಯಾಸಗಳಿಗೆ ಉಂಟಾದ ನಷ್ಟವನ್ನು. ಈ ಹಕ್ಕು ಕೈತಪ್ಪುವುದು ಬಹುಮಟ್ಟಿಗೆ ಎರಡು ಕಾರಣಗಳಿಂದ: ಕಾಲ ಮೀರುವುದರಿಂದ ಮತ್ತು ಕಾಗದಪತ್ರ ಇಲ್ಲದಿರುವುದರಿಂದ.

ದಾನವಲ್ಲ, ಬಾಧ್ಯತೆ

ವಿಮಾನಯಾನದ ಹೊಣೆಗಾರಿಕೆಯನ್ನು ಕುರಿತ ಮೊದಲ ಅಂತಾರಾಷ್ಟ್ರೀಯ ಒಪ್ಪಂದವು 1929ರಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ಆಯಿತು. ಆಗ ವಿಮಾನೋದ್ಯಮವು ಎಳೆಯ ಸಸಿಯಂತಿತ್ತು. ಒಂದೇ ಅಪಘಾತದಿಂದ ಸಂಸ್ಥೆಯು ದಿವಾಳಿಯಾಗಬಾರದೆಂದು ಪರಿಹಾರಕ್ಕೆ ಒಂದು ಮೇಲ್ಮಿತಿಯನ್ನು ಇಡಲಾಯಿತು. ಪ್ರತಿಯಾಗಿ, ಸಂಸ್ಥೆಯ ತಪ್ಪನ್ನು ಸಾಬೀತುಪಡಿಸುವ ಭಾರವನ್ನು ಪ್ರಯಾಣಿಕನ ಹೆಗಲಿನಿಂದ ಇಳಿಸಲಾಯಿತು. ಭಾರತವು ಈ ವ್ಯವಸ್ಥೆಯನ್ನು 1934ರ ಕಾಯಿದೆಯ ಮೂಲಕವೂ, ಅನಂತರ ಅದರ ಸ್ಥಾನದಲ್ಲಿ ಬಂದ 1972ರ ವಿಮಾನ ಸಾಗಾಣಿಕೆ ಕಾಯಿದೆಯ ಮೂಲಕವೂ ಜಾರಿಗೆ ತಂದಿತು.

ಹಳೆಯ ವ್ಯವಸ್ಥೆಯಲ್ಲಿ ಮೇಲ್ಮಿತಿಯು ತೀರ ಕಡಿಮೆಯಾಗಿತ್ತು. 1988ರ ಅಹಮದಾಬಾದ್‌ ದುರಂತದ ಕಾಲದಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಈ ಮಿತಿಯು ವಯಸ್ಕನೊಬ್ಬನಿಗೆ 2 ಲಕ್ಷ ರೂಪಾಯಿಗಳಾಗಿತ್ತು. ಸಂಸ್ಥೆಯ ಕಡೆಯವರು ಬುದ್ಧಿಪೂರ್ವಕವಾಗಿ ಅಥವಾ ಅಪಾಯವನ್ನು ಅರಿತೂ ಲೆಕ್ಕಿಸದೆ ತಪ್ಪೆಸಗಿದರೆಂದು ಕುಟುಂಬದವರು ರುಜುವಾತುಪಡಿಸಿದ ಹೊರತು ಆ ಗೆರೆಯನ್ನು ದಾಟುವಂತಿರಲಿಲ್ಲ.

1999ರ ಮೇ 28ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಸಹಿಯಾದ ಹೊಸ ಒಪ್ಪಂದವು ಈ ಸ್ಥಿತಿಯನ್ನು ಬದಲಾಯಿಸಿತು. ಭಾರತವು 2009ರಲ್ಲಿ ಅದನ್ನು ಸೇರಿ, 1972ರ ಕಾಯಿದೆಗೆ ಮೂರನೆಯ ಅನುಸೂಚಿಯಾಗಿ ಅಳವಡಿಸಿಕೊಂಡಿತು. ಮಂಗಳೂರಿನ ದುರಂತವು ನಡೆದದ್ದು ಇದಾಗಿ ಒಂದು ವರ್ಷವೂ ತುಂಬದಿದ್ದಾಗ.

ಹೊಣೆಗಾರಿಕೆಯ ಎರಡು ಮೆಟ್ಟಿಲುಗಳು

ಹೊಸ ಒಪ್ಪಂದದ ತಿರುಳನ್ನು ಎರಡು ಮೆಟ್ಟಿಲುಗಳೆಂದು ಭಾವಿಸಬಹುದು. ವಿಮಾನದೊಳಗೆ, ಅಥವಾ ವಿಮಾನ ಹತ್ತುವಾಗ ಇಳಿಯುವಾಗ ಸಂಭವಿಸಿದ ಅಪಘಾತದಿಂದ ಪ್ರಯಾಣಿಕನು ಸತ್ತರೆ ಇಲ್ಲವೆ ಗಾಯಗೊಂಡರೆ, ರುಜುವಾತಾದ ನಷ್ಟವನ್ನು ಒಂದು ನಿರ್ದಿಷ್ಟ ಮಿತಿಯವರೆಗೆ ವಿಮಾನ ಸಂಸ್ಥೆಯು ತೆರಲೇಬೇಕು. ‘ನಮ್ಮ ತಪ್ಪೇನೂ ಇರಲಿಲ್ಲ’ ಎಂಬ ವಾದವು ಅಲ್ಲಿ ಸಲ್ಲದು. ಇದು ಮೊದಲ ಮೆಟ್ಟಿಲು. ನಷ್ಟವು ಆ ಮಿತಿಗಿಂತ ಹೆಚ್ಚಾಗಿದ್ದರೆ ಹೆಚ್ಚಿನ ಭಾಗಕ್ಕೂ ಸಂಸ್ಥೆಯು ಹೊಣೆಯೇ. ಆದರೆ ತನ್ನ ಅಥವಾ ತನ್ನ ನೌಕರರ ಅಲಕ್ಷ್ಯದಿಂದ ಅಪಘಾತವಾಗಲಿಲ್ಲವೆಂದು ಇಲ್ಲವೆ ಅನ್ಯರೊಬ್ಬರ ತಪ್ಪಿನಿಂದಲೇ ಆಯಿತೆಂದು ತೋರಿಸಿ ಅದು ಪಾರಾಗಬಹುದು. ಇದು ಎರಡನೆಯ ಮೆಟ್ಟಿಲು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿಯೂ ರುಜುವಾತಿನ ಭಾರವು ಸಂಸ್ಥೆಯ ಮೇಲೆಯೇ ಇರುತ್ತದೆ.

ಮಿತಿಯನ್ನು ಅಳೆಯುವುದು ರೂಪಾಯಿಯಲ್ಲಲ್ಲ, ಅಂತಾರಾಷ್ಟ್ರೀಯ ಹಣಕಾಸು ನಿಧಿಯು ಬಳಸುವ ‘ಎಸ್‌.ಡಿ.ಆರ್‌.’ ಎಂಬ ಲೆಕ್ಕದ ನಾಣ್ಯದಲ್ಲಿ. ಡಾಲರ್‌, ಯೂರೋ, ಪೌಂಡ್‌, ಯೆನ್‌, ಯುವಾನ್‌ಗಳ ಮೌಲ್ಯವನ್ನು ಕೂಡಿಸಿ ಅದರ ಬೆಲೆಯನ್ನು ಗೊತ್ತುಮಾಡುತ್ತಾರೆ. ಒಪ್ಪಂದವಾದಾಗ ಮೊದಲ ಮೆಟ್ಟಿಲಿನ ಮಿತಿ 1,00,000 ಎಸ್‌.ಡಿ.ಆರ್‌. ಇತ್ತು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಪರಿಷ್ಕರಿಸುತ್ತ ಬಂದು, 2024ರ ಡಿಸೆಂಬರ್‌ 28ರಿಂದ ಒಪ್ಪಂದದ ಅಂಕಿಯು 1,51,880 ಎಸ್‌.ಡಿ.ಆರ್‌. ಆಗಿದೆ.

ದೇಶದೊಳಗಿನ ಪ್ರಯಾಣಕ್ಕೆ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಪ್ರತ್ಯೇಕ ಅಂಕಿಯನ್ನು ಗೊತ್ತುಮಾಡುತ್ತದೆ. 2014ರ ಜನವರಿಯ ಅಧಿಸೂಚನೆಯು ಅದನ್ನು 20 ಲಕ್ಷ ರೂಪಾಯಿಗೆ ಏರಿಸಿತು. ಇಂಥ ಅಂಕಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅಪಘಾತದ ದಿನ ಜಾರಿಯಲ್ಲಿದ್ದ ಅಧಿಸೂಚನೆಯನ್ನೇ ವಕೀಲರಿಂದ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಮುಂಬಯಿಯ ಕನ್ನಡಿಗರು ವಿಶೇಷವಾಗಿ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ದುಬೈಯಿಂದ ಮುಂಬಯಿಗೆ ಬಂದು, ಅದೇ ಟಿಕೇಟಿನ ಮುಂದುವರಿಕೆಯಾಗಿ ಮಂಗಳೂರಿಗೆ ಹೊರಟವನ ಪ್ರಯಾಣವೆಲ್ಲ ಒಂದೇ ಅಂತಾರಾಷ್ಟ್ರೀಯ ಪ್ರಯಾಣವೆಂದು ಎಣಿಸಲ್ಪಡುತ್ತದೆ. ಮುಂಬಯಿ–ಮಂಗಳೂರು ನಡುವೆ ಅಪಘಾತವಾದರೂ ಅವನಿಗೆ ಅಂತಾರಾಷ್ಟ್ರೀಯ ಮಿತಿ ಅನ್ವಯಿಸುತ್ತದೆ. ಅದೇ ವಿಮಾನದಲ್ಲಿ ಪಕ್ಕದ ಆಸನದಲ್ಲಿ ಕುಳಿತು, ಮುಂಬಯಿಯಲ್ಲಿ ಬೇರೆಯಾಗಿ ಟಿಕೇಟು ಕೊಂಡವನಿಗೆ ದೇಶೀಯ ಮಿತಿ. ಆದುದರಿಂದ ಟಿಕೇಟಿನ ಪ್ರತಿಯೊಂದನ್ನು ಮನೆಯವರ ಕೈಯಲ್ಲಿ ಬಿಟ್ಟು ಹೊರಡುವುದು ಲೇಸು.

ಮಂಗಳೂರಿನ ದುರಂತದ ಪಾಠ

ದುಬೈಯಿಂದ ಬಂದ ಏರ್‌ ಇಂಡಿಯಾ ಎಕ್ಸ್‌ಪ್ರೆಸ್‌ ವಿಮಾನದಲ್ಲಿ ಅಂದು 160 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಬಜಪೆಯ ನಿಲ್ದಾಣವು ಗುಡ್ಡದ ನೆತ್ತಿಯನ್ನು ಸಮತಟ್ಟಾಗಿಸಿ ಕಟ್ಟಿದ್ದು. ಓಡುದಾರಿಯ ಕೊನೆಯಾಚೆ ಕಮರಿ. ಸುಮಾರು 8,000 ಅಡಿ ಉದ್ದದ ಓಡುದಾರಿಯಲ್ಲಿ ವಿಮಾನವು ನೆಲ ಮುಟ್ಟಿದ್ದು 5,000 ಅಡಿಗಳಿಗೂ ಹೆಚ್ಚು ದೂರ ಕ್ರಮಿಸಿದ ಮೇಲೆ. ನಿವೃತ್ತ ಏರ್‌ ಮಾರ್ಷಲ್‌ ಬಿ.ಎನ್‌. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯವು, ಸಹಚಾಲಕನು ಮೂರು ಬಾರಿ ಎಚ್ಚರಿಸಿದರೂ ಮುಖ್ಯ ಚಾಲಕನು ಇಳಿಯುವ ಯತ್ನವನ್ನು ಕೈಬಿಡದೆ ಮುಂದುವರಿಸಿದುದೇ ನೇರ ಕಾರಣವೆಂದು ನಿರ್ಣಯಿಸಿತು. ಇಂಥ ತನಿಖೆಯ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದೇ ಹೊರತು ಪರಿಹಾರ ನಿಗದಿಪಡಿಸುವುದಲ್ಲ. ಆದರೂ ಚಾಲಕನ ತಪ್ಪು ಹೀಗೆ ದಾಖಲೆಯಾದ ಮೇಲೆ, ಅಲಕ್ಷ್ಯವಿರಲಿಲ್ಲವೆಂದು ಎರಡನೆಯ ಮೆಟ್ಟಿಲಿನಲ್ಲಿ ವಾದಿಸುವುದು ಸಂಸ್ಥೆಗೆ ಸುಲಭವಾಗುವುದಿಲ್ಲ.

ದುರಂತದ ಬೆನ್ನಿಗೆ ಪ್ರಧಾನಮಂತ್ರಿಗಳ ಪರಿಹಾರ ನಿಧಿಯಿಂದ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಘೋಷಣೆಯಾಯಿತು. ವಿಮಾನ ಸಂಸ್ಥೆಯು ಮಧ್ಯಂತರ ಪರಿಹಾರವಾಗಿ 12 ವರ್ಷ ಮೀರಿದವರಿಗೆ 10 ಲಕ್ಷ, ಅದಕ್ಕಿಂತ ಕಿರಿಯರಿಗೆ 5 ಲಕ್ಷ, ಗಾಯಾಳುಗಳಿಗೆ 2 ಲಕ್ಷ ಎಂದು ಪ್ರಕಟಿಸಿತು. ಅಂತಿಮ ಮೊತ್ತದ ಪ್ರಶ್ನೆ ಬಂದಾಗ ವ್ಯಾಜ್ಯ ಆರಂಭವಾಯಿತು.

ಕಾಸರಗೋಡು ಜಿಲ್ಲೆಯ ಕುಟುಂಬವೊಂದು ಕೇರಳದ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2011ರ ಜುಲೈಯಲ್ಲಿ ಏಕಸದಸ್ಯ ಪೀಠವು, ಮೃತನ ಆದಾಯವೆಷ್ಟೇ ಇರಲಿ, 1 ಲಕ್ಷ ಎಸ್‌.ಡಿ.ಆರ್‌., ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ, ಕನಿಷ್ಠ ಪರಿಹಾರವಾಗಿ ಸಲ್ಲಬೇಕೆಂದು ತೀರ್ಪಿತ್ತಿತು. ಕರಾವಳಿಯ ಮನೆಮನೆಗಳಲ್ಲಿ ಆಸೆ ಚಿಗುರಿತು. ಆದರೆ ಮರುತಿಂಗಳೇ ವಿಭಾಗೀಯ ಪೀಠವು ಅದನ್ನು ರದ್ದುಗೊಳಿಸಿತು. ಆ ಅಂಕಿಯು ಕನಿಷ್ಠ ಮೊತ್ತವಲ್ಲ. ಅಲ್ಲಿಯವರೆಗೆ ಸಂಸ್ಥೆಯು ತನ್ನ ನಿರ್ದೋಷವನ್ನು ವಾದಿಸುವಂತಿಲ್ಲ ಎಂಬುದಷ್ಟೇ ಅದರ ಅರ್ಥ. ನಷ್ಟವೆಷ್ಟೆಂಬುದನ್ನು ಪ್ರತಿಯೊಂದು ಕುಟುಂಬವೂ ತೋರಿಸಬೇಕು ಎಂಬುದು ಆ ಪೀಠದ ಅಭಿಪ್ರಾಯವಾಗಿತ್ತು. ‘ಒಪ್ಪಂದದ ಪ್ರಕಾರ ಎಲ್ಲರಿಗೂ ಇಷ್ಟು ಲಕ್ಷ ಸಿಗುತ್ತದೆ’ ಎಂದು ಇಂದಿಗೂ ಕೇಳಿಬರುವ ಮಾತನ್ನು ನಂಬಿ ಕೈಕಟ್ಟಿ ಕೂರಬಾರದೆಂಬುದಕ್ಕೆ ಇದೇ ಸಾಕ್ಷಿ.

ಅದೇ ವಿಮಾನದಲ್ಲಿ ಮಡಿದ, ಕೊಲ್ಲಿಯ ಕಂಪನಿಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದ 45 ವರ್ಷದ ಅಧಿಕಾರಿಯೊಬ್ಬರ ಕುಟುಂಬವು ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ದೂರು ಹೂಡಿತು. ಆಯೋಗವು 7.35 ಕೋಟಿ ರೂಪಾಯಿಗಳನ್ನು ವಿಧಿಸಿತು. ಕೆಲವು ಭತ್ಯೆಗಳನ್ನು ಸಂಬಳದಿಂದ ಕಳೆದುದು ಸರಿಯಲ್ಲವೆಂದು ಕುಟುಂಬವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್‌ ಮತ್ತು ನ್ಯಾಯಮೂರ್ತಿ ಅಜಯ್‌ ರಸ್ತೋಗಿಯವರ ಪೀಠವು 2020ರಲ್ಲಿ, ಮಾಲೀಕನು ತನ್ನ ಅನುಕೂಲಕ್ಕಾಗಿ ಸಂಬಳವನ್ನು ಬೇರೆಬೇರೆ ಶೀರ್ಷಿಕೆಗಳಲ್ಲಿ ಹಂಚಿದ ಮಾತ್ರಕ್ಕೆ ನೌಕರನ ಆದಾಯ ಕಡಿಮೆಯಾಗದೆಂದು ಹೇಳಿ, ಪರಿಹಾರವನ್ನು ಸುಮಾರು 7.64 ಕೋಟಿಗೆ ಏರಿಸಿ, ಶೇಕಡಾ 9ರ ಬಡ್ಡಿಯನ್ನೂ ಕೊಡಿಸಿತು. ಇದು ಹತ್ತು ವರ್ಷಗಳ ಹೋರಾಟ. ಆ ಕುಟುಂಬವನ್ನು ಗೆಲ್ಲಿಸಿದ್ದು ನೇಮಕಪತ್ರ, ಸಂಬಳದ ವಿವರ, ಕೆಲಸ ಖಾಯಮಾದ ದಾಖಲೆ ಮುಂತಾದ ಕಾಗದಗಳು.

ಮೊತ್ತವನ್ನು ಎಣಿಸುವ ಬಗೆ

ಈ ಎಣಿಕೆಯ ಕ್ರಮವನ್ನು ನ್ಯಾಯಾಲಯಗಳು ಮೋಟಾರು ಅಪಘಾತದ ಮೊಕದ್ದಮೆಗಳಿಂದ ತಂದಿವೆ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ಒಂದು ತೀರ್ಪೂ, 2017ರಲ್ಲಿ ಐವರು ನ್ಯಾಯಾಧೀಶರ ಪೀಠವಿತ್ತ ಮತ್ತೊಂದು ತೀರ್ಪೂ ಇದರ ಆಧಾರಗಳು. ಕ್ರಮವು ಹೀಗಿದೆ: ತೆರಿಗೆ ಕಳೆದ ವಾರ್ಷಿಕ ಆದಾಯವನ್ನು ತೆಗೆದುಕೊಂಡು, ಮುಂದಿನ ಏಳಿಗೆಯ ಬಾಬ್ತು ಒಂದಂಶವನ್ನು ಸೇರಿಸಬೇಕು. ಖಾಯಂ ನೌಕರಿಯವರಿಗೆ 40 ವರ್ಷದೊಳಗೆ ಶೇಕಡಾ 50, 40ರಿಂದ 50ರವರೆಗೆ 30, 50ರಿಂದ 60ರವರೆಗೆ 15. ಸ್ವಂತ ಉದ್ಯೋಗದವರಿಗೆ ಕ್ರಮವಾಗಿ 40, 25, 10. ಬಂದ ಮೊತ್ತದಿಂದ ಮೃತನ ಸ್ವಂತ ಖರ್ಚನ್ನು ಕಳೆಯಬೇಕು. ಅವಲಂಬಿತರು ಇಬ್ಬರು ಮೂವರಾದರೆ ಮೂರರಲ್ಲೊಂದು ಪಾಲು, ನಾಲ್ವರಿಂದ ಆರು ಮಂದಿಯಾದರೆ ಕಾಲು ಪಾಲು, ಮೃತನು ಅವಿವಾಹಿತನಾಗಿದ್ದರೆ ಸಾಮಾನ್ಯವಾಗಿ ಅರ್ಧ. ಉಳಿದುದನ್ನು ಮೃತನ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಈ ಗುಣಕವು 25 ವರ್ಷದವರೆಗೆ 18. 36ರಿಂದ 40ರವರೆಗೆ 15. 41ರಿಂದ 45ರವರೆಗೆ 14. 56ರಿಂದ 60ರವರೆಗೆ 9.

ಉದಾಹರಣೆಗೆ, ಉಪನಗರದಲ್ಲಿ ಸಣ್ಣ ಹೊಟೇಲು ನಡೆಸುವ 38 ವರ್ಷದ ಇಬ್ಬರು ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ನಿಜವಾದ ಆದಾಯ ವರ್ಷಕ್ಕೆ 6 ಲಕ್ಷ. ಇಬ್ಬರಿಗೂ ಹೆಂಡತಿ, ಇಬ್ಬರು ಮಕ್ಕಳು, ವೃದ್ಧ ತಾಯಿ. ಮೊದಲನೆಯವನು ಆದಾಯ ತೆರಿಗೆಯ ವಿವರಣಪತ್ರದಲ್ಲಿ 6 ಲಕ್ಷವನ್ನೇ ತೋರಿಸಿದ್ದಾನೆ. ಲೆಕ್ಕದ ಸೌಕರ್ಯಕ್ಕಾಗಿ ತೆರಿಗೆಯನ್ನು ಬದಿಗಿಟ್ಟರೆ, ಶೇಕಡಾ 40 ಸೇರಿ 8,40,000; ಕಾಲು ಪಾಲು ಕಳೆದು 6,30,000; 15ರಿಂದ ಗುಣಿಸಿದರೆ 94,50,000 ರೂಪಾಯಿ. ಎರಡನೆಯವನ ಕಾಗದದಲ್ಲಿರುವುದು 2,40,000 ಮಾತ್ರ. ಅದೇ ಕ್ರಮದಲ್ಲಿ 3,36,000, 2,52,000, ಕೊನೆಗೆ 37,80,000. ವ್ಯತ್ಯಾಸ 56,70,000 ರೂಪಾಯಿ. ಗಲ್ಲಾಪೆಟ್ಟಿಗೆಯ ನಗದು ಗಲ್ಲಾಪೆಟ್ಟಿಗೆಗೆ ಮಾತ್ರ ಗೊತ್ತು, ನ್ಯಾಯಾಲಯಕ್ಕೆ ಗೊತ್ತಿಲ್ಲ. ಹೊಟೇಲು, ಕ್ಯಾಂಟೀನು, ಸಣ್ಣ ಗುತ್ತಿಗೆ ವ್ಯವಹಾರಗಳಲ್ಲಿ ತೊಡಗಿರುವ ಮುಂಬಯಿಯ ಅಸಂಖ್ಯ ಕನ್ನಡಿಗರು ಮನಸ್ಸಿಟ್ಟು ಓದಬೇಕಾದ ಲೆಕ್ಕ ಇದು.

ಗಳಿಕೆಯಿಲ್ಲದ ಗೃಹಿಣಿಯ ಮರಣಕ್ಕೆ ಪರಿಹಾರವಿಲ್ಲವೆಂಬ ಭಾವನೆಯೂ ತಪ್ಪು. ಆಕೆಯ ಗೃಹಕೃತ್ಯಕ್ಕೆ ಆರ್ಥಿಕ ಮೌಲ್ಯವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೂ 2021ರಲ್ಲಿಯೂ ಸ್ಪಷ್ಟವಾಗಿ ಹೇಳಿದೆ.

ಹಕ್ಕುದಾರರು ಯಾರು?

1972ರ ಕಾಯಿದೆಯ 5ನೆಯ ಪ್ರಕರಣವು ಕುಟುಂಬದ ಸದಸ್ಯರ ಪಟ್ಟಿಯನ್ನು ಕೊಡುತ್ತದೆ: ಪತಿ ಅಥವಾ ಪತ್ನಿ, ತಂದೆತಾಯಿ, ಮಲತಂದೆ ಮಲತಾಯಿ, ಅಜ್ಜ ಅಜ್ಜಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಮಲಮಕ್ಕಳು, ಮೊಮ್ಮಕ್ಕಳು. ದತ್ತುಮಕ್ಕಳೂ ಮಕ್ಕಳೇ. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ಮನೆತನಗಳಲ್ಲಿ ಸೋದರಮಾವನ ದುಡಿಮೆಯಿಂದಲೇ ಓದುವ ಅಳಿಯಂದಿರು ಇರುತ್ತಾರೆ. ಆದರೆ ಈ ಪಟ್ಟಿಯಲ್ಲಿ ಸೋದರಳಿಯನಿಲ್ಲ. ಅಂಥವರಿಗಾಗಿ ಉಯಿಲು ಅಥವಾ ವಿಮೆಯ ಏರ್ಪಾಡನ್ನು ಮೊದಲೇ ಮಾಡಿಡುವುದು ವಿಹಿತ.

ಅದೇ ಪ್ರಕರಣದ ಇನ್ನೊಂದು ನಿಯಮವು ಬಹು ಮುಖ್ಯವಾದುದು. ಒಬ್ಬ ಪ್ರಯಾಣಿಕನ ಮರಣಕ್ಕೆ ಸಂಬಂಧಿಸಿ ಭಾರತದಲ್ಲಿ ಒಂದೇ ದಾವೆಯನ್ನು ಹೂಡಬಹುದು; ಅದು ಎಲ್ಲ ಹಕ್ಕುದಾರರ ಹಿತಕ್ಕಾಗಿ ಇರಬೇಕು. ಬಂದ ಹಣವನ್ನು ಯಾರಿಗೆ ಎಷ್ಟು ಎಂದು ನ್ಯಾಯಾಲಯವು ಹಂಚುತ್ತದೆ. ಆದುದರಿಂದ ಮುಂಬಯಿಯಲ್ಲಿರುವ ಹೆಂಡತಿಮಕ್ಕಳು ಒಂದು ಕಡೆ, ಊರಿನಲ್ಲಿರುವ ತಂದೆತಾಯಿ ಇನ್ನೊಂದು ಕಡೆ ಎಂದು ಬೇರೆಯಾಗಿ ಓಡಾಡುವುದರಿಂದ ಇಬ್ಬರಿಗೂ ನಷ್ಟ. ಶೋಕದ ದಿನಗಳಲ್ಲಿ ಬಿರುಕು ಬಿಡುವ ಮನೆಗಳು ಕಡಿಮೆಯಿಲ್ಲ. ಹಿರಿಯರೊಬ್ಬರು ನಡುವೆ ಕುಳಿತು ಎಲ್ಲರ ಹೆಸರನ್ನೂ ಒಂದೇ ಅರ್ಜಿಯಲ್ಲಿ ಸೇರಿಸುವುದು ಪರಮೋಪಕಾರ. ಅಪ್ರಾಪ್ತ ಮಕ್ಕಳ ಪಾಲನ್ನು ಅವರು ಪ್ರಾಪ್ತವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿಯಾಗಿಡುವಂತೆ ನ್ಯಾಯಾಲಯಗಳು ಸಾಮಾನ್ಯವಾಗಿ ಆಜ್ಞಾಪಿಸುತ್ತವೆ.

ಎರಡು ವರ್ಷಗಳ ಗಡುವು

ವಿಮಾನವು ಗಮ್ಯಸ್ಥಾನವನ್ನು ತಲುಪಿದ ಅಥವಾ ತಲುಪಬೇಕಾಗಿದ್ದ ದಿನದಿಂದ ಎರಡು ವರ್ಷಗಳೊಳಗೆ ದಾವೆ ಹೂಡದಿದ್ದರೆ ಪರಿಹಾರದ ಹಕ್ಕೇ ನಶಿಸುತ್ತದೆ ಎಂದು ಒಪ್ಪಂದದ 35ನೆಯ ವಿಧಿಯು ಹೇಳುತ್ತದೆ. ಸಾಧಾರಣ ವ್ಯಾಜ್ಯಗಳಲ್ಲಿ ವಿಳಂಬಕ್ಕೆ ಕಾರಣ ತೋರಿಸಿ ಕ್ಷಮೆ ಬೇಡುವಂತೆ ಇಲ್ಲಿ ಬೇಡಲು ಆಸ್ಪದವಿಲ್ಲವೆಂದೇ ತಿಳಿದು ನಡೆಯಬೇಕು. ಸಂಸ್ಥೆಯೊಡನೆ ಪತ್ರವ್ಯವಹಾರ ನಡೆಯುತ್ತಿದೆ, ಅಧಿಕಾರಿಗಳು ಭರವಸೆ ಕೊಟ್ಟಿದ್ದಾರೆ ಎಂಬ ನೆಚ್ಚಿಕೆಯಿಂದ ಗಡಿಯಾರವು ನಿಲ್ಲುವುದಿಲ್ಲ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯು ಈ ವಿಷಯದಲ್ಲಿ ಸಲ್ಲದು. ಮಾತುಕತೆ ಮುಗಿಯದಿದ್ದರೂ ಎರಡನೆಯ ವರ್ಷದ ಮಧ್ಯಭಾಗದೊಳಗೆ ದಾವೆಯನ್ನು ದಾಖಲಿಸುವುದು ಕ್ಷೇಮ. ರಾಜಿಯಾದರೆ ಅದನ್ನು ಹಿಂತೆಗೆದುಕೊಳ್ಳುವುದು ಕಷ್ಟವಲ್ಲ.

ಸಹಾಯಧನ, ಮುಂಗಡ, ಪೂರ್ಣ ತೀರುವಳಿ

ದುರಂತದ ಬಳಿಕ ಬರುವ ಹಣವು ಮೂರು ಬಗೆಯದು. ಇವುಗಳ ಭೇದವನ್ನು ಅರಿಯಬೇಕು. ಸರ್ಕಾರ ಅಥವಾ ಉದ್ಯಮ ಸಮೂಹಗಳು ಸ್ವಪ್ರೇರಣೆಯಿಂದ ಕೊಡುವುದು ಸಹಾಯಧನ. 2025ರ ಜೂನ್‌ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್‌ ಇಂಡಿಯಾ ವಿಮಾನದ ದುರಂತದಲ್ಲಿ ವಿಮಾನದೊಳಗಿದ್ದ 241 ಮಂದಿಯೂ ನೆಲದ ಮೇಲಿದ್ದ 19 ಮಂದಿಯೂ ಸತ್ತಾಗ, ಮೃತರ ಕುಟುಂಬಗಳಿಗೆ ತಲಾ 1 ಕೋಟಿ ರೂಪಾಯಿ ಕೊಡುವುದಾಗಿ ಟಾಟಾ ಸಮೂಹವು ಪ್ರಕಟಿಸಿದ್ದು ಈ ಬಗೆಯದು. ಎರಡನೆಯದು ತಕ್ಷಣದ ಖರ್ಚಿಗೆಂದು ವಿಮಾನ ಸಂಸ್ಥೆಯು ಕೊಡುವ ಮುಂಗಡ. ಅದೇ ದುರಂತದಲ್ಲಿ ಸಂಸ್ಥೆಯು 25 ಲಕ್ಷದ ಮಧ್ಯಂತರ ಪಾವತಿಯನ್ನು ಘೋಷಿಸಿತು. ಇದನ್ನು ಸ್ವೀಕರಿಸಿದರೆ ಹಕ್ಕು ಬಿಟ್ಟಂತಾಗುವುದಿಲ್ಲ. ಅಂತಿಮ ಮೊತ್ತದಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದಷ್ಟೆ. ಮೂರನೆಯದು ಕಾಯಿದೆಯ ಪ್ರಕಾರ ಸಲ್ಲಬೇಕಾದ ಪರಿಹಾರ.

ಅಪಾಯವಿರುವುದು ಈ ಮೂರನೆಯದರಲ್ಲಿ, ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಬರಹದಡಿ ಹಾಕುವ ಸಹಿಯಲ್ಲಿ. ಇಂಥ ರಸೀದಿಗೆ ತಿಳಿದು ಸಹಿ ಹಾಕಿದವರು ಮುಂದೆ ಹೆಚ್ಚಿನದನ್ನು ಕೇಳುವುದು ಬಲು ಕಠಿಣ. ರಾಜಿಯು ಕೆಟ್ಟದ್ದೇನಲ್ಲ, ಹತ್ತು ವರ್ಷ ಅಲೆಯುವುದಕ್ಕಿಂತ ಯೋಗ್ಯ ಮೊತ್ತಕ್ಕೆ ಒಪ್ಪುವುದು ಹಲವರಿಗೆ ಲೇಸಾಗಬಹುದು. ಆದರೆ ಮೇಲೆ ಹೇಳಿದ ಲೆಕ್ಕವನ್ನು ಮೊದಲು ಮನೆಯಲ್ಲಿ ಮಾಡಿ ನೋಡದೆ, ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಯಾರೂ ಸಹಿ ಹಾಕಲಾಗದು.

ನೆಲದ ಮೇಲೆ ಸತ್ತವರು ಪ್ರಯಾಣಿಕರಲ್ಲದುದರಿಂದ ಅವರಿಗೆ ಮಾಂಟ್ರಿಯಲ್‌ ಒಪ್ಪಂದವು ಅನ್ವಯಿಸುವುದಿಲ್ಲ. ಅವರ ಕುಟುಂಬದವರು ಸಾಮಾನ್ಯ ಕಾನೂನಿನಡಿ ಪರಿಹಾರ ಕೇಳಬೇಕು.

ಗಾಯಗೊಂಡವರ ವಿಷಯ

ಒಪ್ಪಂದವು ಹೇಳುವುದು ‘ದೈಹಿಕ ಗಾಯ’ವನ್ನು. ಗಾಯವಿಲ್ಲದೆ ಕೇವಲ ಭೀತಿ, ನಿದ್ರಾಹೀನತೆ, ಮನೋವ್ಯಥೆಗಳಿಗೆ ಅದರಡಿ ಪರಿಹಾರ ಪಡೆಯುವುದು ದುಸ್ತರ. ಆದುದರಿಂದ ಬದುಕುಳಿದವರು ಎಷ್ಟೇ ಅಲ್ಪವೆಂದು ತೋರಿದರೂ ಪ್ರತಿಯೊಂದು ಗಾಯವನ್ನು ಆಸ್ಪತ್ರೆಯ ದಾಖಲೆಯಲ್ಲಿ ಬರೆಸಬೇಕು. ಕ್ಷ-ಕಿರಣದ ಚಿತ್ರಗಳು, ಬಿಡುಗಡೆಯ ಸಾರಾಂಶ, ಔಷಧದ ರಸೀದಿಗಳು, ಅಂಗವೈಕಲ್ಯದ ಪ್ರಮಾಣಪತ್ರ, ಕೆಲಸಕ್ಕೆ ಹೋಗಲಾಗದ ದಿನಗಳ ಲೆಕ್ಕ – ಇವೆಲ್ಲವನ್ನೂ ಜೋಪಾನ ಮಾಡಬೇಕು. ಮೃತದೇಹದ ಗುರುತು ಸಿಗದಿದ್ದಾಗ ರಕ್ತಸಂಬಂಧಿಗಳ ಡಿ.ಎನ್‌.ಎ. ಪರೀಕ್ಷೆಯು ಬೇಕಾಗುತ್ತದೆ, ಮಂಗಳೂರಿನಲ್ಲಿಯೂ ಅದು ನಡೆಯಿತು. ಮರಣಪತ್ರವೂ ಮುಂದಿನ ಹಕ್ಕುಗಳೂ ಆ ಗುರುತನ್ನು ಅವಲಂಬಿಸಿರುವುದರಿಂದ ಮನೆಯವರು ಅದಕ್ಕೆ ಹಿಂಜರಿಯಬಾರದು.

ಎಲ್ಲಿ ದೂರು ಕೊಡಬೇಕು?

ಸಿವಿಲ್‌ ನ್ಯಾಯಾಲಯ, ಗ್ರಾಹಕ ಆಯೋಗ ಎಂಬ ಎರಡು ದಾರಿಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ಕೊಡಲು ಅವಕಾಶ ಕಲ್ಪಿಸಿದೆ. ಅಂಧೇರಿ, ಬೊರಿವಲಿ, ಮುಲುಂಡ್‌ ಕಡೆಯವರಿಗೆ ಬಾಂದ್ರಾದಲ್ಲಿ ಉಪನಗರ ಜಿಲ್ಲಾ ಆಯೋಗವಿದೆ. ಹಿಂದೆ ಕೇಳುವ ಪರಿಹಾರದ ಮೊತ್ತವೂ ಆಯೋಗದ ಮಟ್ಟವನ್ನು ನಿರ್ಧರಿಸುತ್ತಿತ್ತು. ಹೊಸ ಕಾಯಿದೆಯಲ್ಲಿ ಸೇವೆಗೆ ತೆತ್ತ ಬೆಲೆಯನ್ನು ಮಾತ್ರ ನೋಡುತ್ತಾರೆ. ಅದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ವಿಮಾನದ ಟಿಕೇಟಿಗೆ ಅದಕ್ಕಿಂತ ಹೆಚ್ಚು ತೆರುವವರು ವಿರಳ!

ವಿಮಾನ ತಯಾರಕರ ಮೇಲೆ ವಿದೇಶದಲ್ಲಿ ದಾವೆ ಹೂಡುವ ದಾರಿಯನ್ನೂ ಕೆಲವರು ಸೂಚಿಸುತ್ತಾರೆ. ಅಲ್ಲಿ ತಪ್ಪನ್ನು ಫಿರ್ಯಾದಿಯೇ ರುಜುವಾತುಪಡಿಸಬೇಕು. 1978ರ ಬಾಂದ್ರಾ ದುರಂತದ ಬಳಿಕ ಬೋಯಿಂಗ್‌ ಕಂಪನಿ ಮತ್ತು ಉಪಕರಣ ತಯಾರಕರ ಮೇಲೆ ಅಮೆರಿಕದಲ್ಲಿ ಹೂಡಿದ ದಾವೆಯು 1985ರ ನವೆಂಬರಿನಲ್ಲಿ ಸಿಯಾಟಲ್‌ನ ನ್ಯಾಯಾಲಯದಲ್ಲಿ ವಿಫಲವಾಯಿತು. ಆ ದಾರಿಗೆ ಇಳಿಯುವವರು ಸ್ವದೇಶದ ಎರಡು ವರ್ಷಗಳ ಗಡುವನ್ನು ಮರೆಯಬಾರದು.

ಬರುವ ಹಣದಲ್ಲಿ ಶೇಕಡಾವಾರು ಪಾಲು ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. ಭಾರತದ ವಕೀಲರು ಹಾಗೆ ಪಾಲು ಪಡೆಯುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಅವರ ಆದಾಯವೆಷ್ಟೇ ಇದ್ದರೂ, 1987ರ ಕಾಯಿದೆಯ ಪ್ರಕಾರ ಉಚಿತ ಕಾನೂನು ನೆರವು ದೊರೆಯುತ್ತದೆ.

ವಿಮೆ ಮತ್ತು ಬ್ಯಾಂಕು

ಜೀವವಿಮೆ, ವೈಯಕ್ತಿಕ ಅಪಘಾತ ವಿಮೆ, ಭವಿಷ್ಯನಿಧಿಗೆ ಸೇರಿದ ವಿಮೆ – ಇವು ವಿಮಾನ ಸಂಸ್ಥೆಯ ಪರಿಹಾರಕ್ಕಿಂತ ಬೇರೆಯಾದ ಹಕ್ಕುಗಳು. ಜೀವವಿಮೆಯ ಹಣವನ್ನು ಪರಿಹಾರದಿಂದ ಕಳೆಯುವಂತಿಲ್ಲವೆಂದು ಮೋಟಾರು ಅಪಘಾತದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಹೇಳಿದೆ. ಹಲವು ಬ್ಯಾಂಕುಗಳ ಕ್ರೆಡಿಟ್‌ ಕಾರ್ಡುಗಳಿಗೆ ವಿಮಾನಾಪಘಾತದ ವಿಮೆಯು ಸೇರಿರುತ್ತದೆ. ಮನೆಯವರಿಗೆ ಅದರ ಸುಳಿವೇ ಇಲ್ಲದೆ ಅವಧಿ ಮೀರಿಹೋಗುವುದುಂಟು. ಬ್ಯಾಂಕಿನ ಖಾತೆಗೆ ನಾಮನಿರ್ದೇಶಿತನಾದವನು ಹಣವನ್ನು ಪಡೆಯಲು ಅರ್ಹನೇ ಹೊರತು ಅದರ ಒಡೆಯನಲ್ಲ; ಅವನು ಅದನ್ನು ವಾರಸುದಾರರಿಗೆ ಒಪ್ಪಿಸಬೇಕು.

ಇಂದೇ ಮಾಡಬಹುದಾದ ಕೆಲಸ

ಮುಂಬಯಿಯ ಕನ್ನಡಿಗನ ಬದುಕು ಎರಡು ಊರುಗಳಲ್ಲಿ ಹಂಚಿಹೋಗಿರುವಂತೆ ಅವನ ಕಾಗದಪತ್ರಗಳೂ ಹಂಚಿಹೋಗಿವೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನೊಡನೆ, ಮುಂಬಯಿಯ ಪಡಿತರ ಚೀಟಿಯಲ್ಲಿ ಕುಲನಾಮದೊಡನೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನೊಡನೆ ಒಬ್ಬನೇ ವ್ಯಕ್ತಿ ಮೂವರಂತೆ ಕಾಣುತ್ತಾನೆ. ಮದುವೆಯು ಊರಿನ ದೇವಸ್ಥಾನದಲ್ಲಿ ನಡೆದು, ನೋಂದಣಿಯೇ ಆಗಿರುವುದಿಲ್ಲ. ಇವನ್ನು ಸರಿಪಡಿಸುವುದಕ್ಕೆ ಆ ವ್ಯಕ್ತಿಯು ಬದುಕಿರುವಾಗ ಬೇಕಾಗುವ ಶ್ರಮ ಅಲ್ಪ. ಅನಂತರ ವಿಧವೆಯು ಒಂಟಿಯಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲವಷ್ಟೆ.

ಪ್ರತಿಯೊಂದು ಮನೆಯಲ್ಲಿಯೂ ಒಂದು ಕಡತವಿರಲಿ. ಅದರಲ್ಲಿ ವಿವಾಹದ ನೋಂದಣಿಪತ್ರ, ಮಕ್ಕಳ ಜನನಪತ್ರಗಳು, ಊರಿನ ತಹಸೀಲ್ದಾರರ ಕಚೇರಿಯಿಂದ ಪಡೆದ ವಂಶವೃಕ್ಷ, ಮೂರು ವರ್ಷಗಳ ಆದಾಯ ತೆರಿಗೆಯ ವಿವರಣಪತ್ರಗಳು, ನೇಮಕಪತ್ರ ಹಾಗೂ ಸಂಬಳದ ಚೀಟಿಗಳು, ತಂದೆತಾಯಿಗೆ ತಿಂಗಳುತಿಂಗಳು ಹಣ ಕಳುಹಿಸಿದ ಬ್ಯಾಂಕಿನ ದಾಖಲೆ, ವಿಮಾಪತ್ರಗಳ ಮತ್ತು ಕಾರ್ಡುಗಳ ಪಟ್ಟಿ ಇರಲಿ. ಊರಿಗೆ ಕಳುಹಿಸುವ ಹಣವನ್ನು ಹೋಗುವವರ ಕೈಯಲ್ಲಿ ಕೊಡದೆ ಬ್ಯಾಂಕಿನ ಮೂಲಕ ಕಳುಹಿಸಿದರೆ, ಆ ವೃದ್ಧರು ಯಾರನ್ನು ಅವಲಂಬಿಸಿದ್ದರೆಂಬುದಕ್ಕೆ ಅದೇ ಪುರಾವೆಯಾಗುತ್ತದೆ. ಈ ಕಡತ ಎಲ್ಲಿದೆಯೆಂಬುದು ಹೆಂಡತಿಗೂ, ಪ್ರಾಯಕ್ಕೆ ಬಂದ ಮಕ್ಕಳಿಗೂ ತಿಳಿದಿರಬೇಕು. ಈ ಕಾಗದಗಳು ವಿಮಾನಾಪಘಾತಕ್ಕೆ ಮಾತ್ರವಲ್ಲ, ರೈಲಿನ, ರಸ್ತೆಯ ಅಪಘಾತಗಳಿಗೂ, ಹಠಾತ್ತಾದ ಕಾಯಿಲೆಗೂ ಅಷ್ಟೇ ಉಪಯುಕ್ತವಾದವು. ಒಂದು ರವಿವಾರದ ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಟ್ಟರೆ ಸಾಕು.